ಸತ್ಯಾಂಶ: ಪದೇ ಪದೇ ಅಲೈನ್‌ಮೆಂಟ್ ಮಾಡಿಸಿದರೆ ಕಾರು ಸರಿಹೋಗುತ್ತದೆಯೇ?

‘ಸ್ಪೋರ್ಟ್ಸ್ ಕಾರು ಪಕ್ಕಕ್ಕೆ ಎಳೆದರೆ ತಿಂಗಳಿಗೊಮ್ಮೆ ಅಲೈನ್‌ಮೆಂಟ್ ಮಾಡಿಸಿ, ಸಾಕು’ ಎಂಬ ಸಂದೇಶ ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಅಲೈನ್‌ಮೆಂಟ್‌ನಿಂದ ಚಕ್ರದ ಕೋನ ಸರಿಹೋಗುತ್ತದೆ, ಸವೆದ ಭಾಗವಲ್ಲ. ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ರಬ್ಬರ್ ಬುಷ್, ಅಂದರೆ ಅದರ ಕೀಲಿನ ಮೆತ್ತೆ, ಹರಿದಿದ್ದರೆ, ನಿಂತ ಕಾರಿನಲ್ಲಿ ಸರಿ ಕಂಡ ಕೋನದ ಅಂಕಿ ಬ್ರೇಕ್ ಒತ್ತಿದೊಡನೆ ಬದಲಾಗುತ್ತದೆ. ಹೊಸ ಬುಷ್ ಹಾಕುವಾಗಲೂ ಎಚ್ಚರ ಬೇಕು: ಚಕ್ರಗಳು ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಇದನ್ನು ಮೆಕ್ಯಾನಿಕ್‌ಗೆ ಸಂಕೋಚಪಡದೆ ಹೇಳಿ.

ಅದಕ್ಕೂ ಮೊದಲು ಗಾಳಿ ನೋಡಿಸಿ. ಮುಂದಿನ ಟೈರ್‌ಗಳಲ್ಲಿ ತಿರುಗುವ ದಿಕ್ಕಿನ ಗುರುತಿಲ್ಲದಿದ್ದರೆ ಎಡಬಲ ಅದಲುಬದಲು ಮಾಡಿಸಿ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದೇ.