ಮನೆ ನಮ್ಮದು, ಕಿಟಕಿ ಯಾರದ್ದು?

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಕ್ಕದ ಸಾಲ್ಟೇರ್‌ನಲ್ಲಿ ನಮ್ಮದು ಸಾಲುಮನೆಗಳ ನಡುವಿನ ಒಂದು ಪುಟ್ಟ ಕಲ್ಲಿನ ಮನೆ. ಟೈಟಸ್ ಸಾಲ್ಟ್ ಎಂಬ ಉಣ್ಣೆ ಉದ್ಯಮಿ 1853ರಲ್ಲಿ ಇಲ್ಲಿ ದೊಡ್ಡ ಗಿರಣಿ ತೆರೆದು, ಅದರ ಕೆಲಸಗಾರರಿಗೆಂದು ಊರನ್ನೇ ಕಟ್ಟಿಸಿದ. ಎಂಟುನೂರಕ್ಕೂ ಹೆಚ್ಚು ಮನೆ, ಶಾಲೆ, ಆಸ್ಪತ್ರೆ, ಚರ್ಚು ಎಲ್ಲ ಬಂದವು. ಹೆಂಡದಂಗಡಿಗೆ ಮಾತ್ರ ಜಾಗ ಕೊಡಲಿಲ್ಲ. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರಿಟ್ಟ: ಕ್ಯಾರೊಲಿನ್, ಹೆಲೆನ್, ಫ್ಯಾನಿ, ಹರ್ಬರ್ಟ್. ನಮ್ಮ ಮನೆಯಲ್ಲಿ ಯಾವ ರಾಜನೂ ಹುಟ್ಟಿಲ್ಲ, ಯಾವ ಕವಿಯೂ ತೀರಿಕೊಂಡಿಲ್ಲ. ಗಿರಣಿಯವರು ಉಂಡು ಮಲಗಿದ ಮನೆ ಅಷ್ಟೇ. ಆದರೂ ಅದು ಉಳಿಸಿಕೊಳ್ಳಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿದೆ, ಗ್ರೇಡ್ 2.

ಇದರ ಬಿಸಿ ತಟ್ಟಿದ್ದು ಮೊದಲ ಚಳಿಗಾಲದಲ್ಲಿ. ಕಿಟಕಿ ಮುಚ್ಚಿದ್ದರೂ ಪರದೆ ಅಲ್ಲಾಡುತ್ತಿತ್ತು. ಪ್ಲಾಸ್ಟಿಕ್ ಚೌಕಟ್ಟಿನ, ಎರಡು ಪದರ ಗಾಜಿನ ಕಿಟಕಿ ಹಾಕಿಸೋಣ ಅಂತ ಹೊರಟರೆ ಪಕ್ಕದ ಮನೆಯವರು ತಡೆದರು. ಅನುಮತಿಯಿಲ್ಲದೆ ಇಂಥ ಮನೆಯ ರೂಪ ಬದಲಿಸುವುದು ಇಲ್ಲಿ ಅಪರಾಧ, ಎರಡು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. “ಮನೆ ನಿಂದು, ಕಿಟಕಿ ಸರ್ಕಾರದ್ದಾ ಮಾರಾಯ?” ಅಂದರು.

ಕೊನೆಗೆ ಹಳೇ ಕಿಟಕಿ ಬಲ್ಲ ಬಡಗಿಯೊಬ್ಬನನ್ನು ಕರೆಸಿದೆ. ಅವನು ಚೌಕಟ್ಟಿನ ಪಕ್ಕದ ಹಲಗೆ ಬಿಚ್ಚಿದ. ಒಳಗೆಲ್ಲ ಪೊಳ್ಳು, ಹಗ್ಗದ ತುದಿಯಲ್ಲಿ ಸೌತೆಕಾಯಿ ಗಾತ್ರದ ಕಬ್ಬಿಣದ ತೂಕ, ಮೇಲೊಂದು ಗಡಗಡೆ. ಕಿಟಕಿ ಎತ್ತಿದರೆ ತೂಕ ಇಳಿಯುತ್ತದೆ, ಥೇಟ್ ನಮ್ಮ ಬಾವಿ. ಒಂದು ಬದಿಯ ಹಗ್ಗ ಕಡಿದು ಕಿಟಕಿ ಓರೆಯಾಗಿ ಕೂತಿತ್ತು. ಹಗ್ಗ ಬದಲಿಸಿ, ಗೆದ್ದಲು ತಿಂದಂತೆ ಲಡ್ಡಾಗಿದ್ದ ಕೆಳಗಿನ ಮರಕ್ಕೆ ಹೊಸ ತುಂಡು ಜೋಡಿಸಿ, ಸಂದಿಗೆ ಪಟ್ಟಿ ಬಡಿದ. ಇದ್ದದ್ದನ್ನು ಇದ್ದಂತೆಯೇ ರಿಪೇರಿ ಮಾಡಿದರೆ ಅನುಮತಿಯೂ ಬೇಡ. ಗಾಳಿ ಮುಕ್ಕಾಲು ಪಾಲು ನಿಂತಿತು. ಉಳಿದ ಕಾಲು ಪಾಲಿಗೆ ಸ್ವೆಟರು.

ಇಂಗ್ಲೆಂಡಿನವರೇನು ಹುಟ್ಟಾ ಸಾಚಾಗಳಲ್ಲ. 1947ರ ಕಾಯ್ದೆಯಿಂದ ಪಟ್ಟಿ ಬೆಳೆಯುತ್ತ ಬಂದಿದ್ದರೂ 1980ರಲ್ಲಿ ಪಶ್ಚಿಮ ಲಂಡನ್ನಿನ ಫೈರ್‌ಸ್ಟೋನ್ ಕಾರ್ಖಾನೆಯನ್ನು, ಇನ್ನೇನು ಪಟ್ಟಿಗೆ ಸೇರಬೇಕು ಅನ್ನುವಾಗ, ಸಾಲು ರಜೆ ನೋಡಿಕೊಂಡು ಕೆಡವಿಹಾಕಿದ್ದರು. ತೆರಿಗೆಯ ಲೆಕ್ಕವಂತೂ ಇವತ್ತಿಗೂ ತಲೆಕೆಳಗು: ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೇ ಮನೆಯ ರಿಪೇರಿಗೆ ಶೇ. 20.

ಆದರೂ ನನಗೆ ಹಿಡಿಸಿದ್ದು ಒಂದು. ಇಲ್ಲಿಯ ಪಟ್ಟಿಯಲ್ಲಿ ಶೇ. 90ಕ್ಕೂ ಹೆಚ್ಚು ಕಟ್ಟಡಗಳು ನಮ್ಮ ಮನೆಯಂಥ ಗ್ರೇಡ್ 2ರವು. ಅರಮನೆ, ಕೆಥೆಡ್ರಲ್‌ಗಳಿರುವ ಗ್ರೇಡ್ 1 ಬರೀ ಶೇ. 2.5. ಒಳಗೆ ಕುಕ್ಕರ್ ಕೂಗುತ್ತದೆ, ಬಾಗಿಲಲ್ಲಿ ಕಸದ ಡಬ್ಬಿ ನಿಂತಿರುತ್ತದೆ, ಮನೆ ಮಾತ್ರ ಉಳಿದಿದೆ. ನಮ್ಮಲ್ಲಿ ಕಾಯ್ದೆ ಇಲ್ಲವೆಂದಲ್ಲ, 1958ರ ಕೇಂದ್ರದ್ದೂ ಇದೆ, 1961ರ ರಾಜ್ಯದ್ದೂ ಇದೆ. ಅವುಗಳ ಕಣ್ಣು ಹೆಚ್ಚಾಗಿ ಹೋಗುವುದು ಗುಡಿ, ಕೋಟೆ, ಶಾಸನಗಳ ಕಡೆಗೆ. ರಕ್ಷಣೆ ಎಂದರೆ ತಂತಿಬೇಲಿ, ನೀಲಿ ಬೋರ್ಡು, ಮನುಷ್ಯರು ಹೊರಗೆ. ಹಂಪಿಯೂ ಸಾಲ್ಟೇರೂ ವಿಶ್ವ ಪರಂಪರೆಯ ತಾಣಗಳೇ. 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಕಳಿಸಿದರು. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು ತಪ್ಪೇ, ಒಪ್ಪುತ್ತೇನೆ. ಗೋಡೆ ತೆಗೆಸಿ ಜನರನ್ನು ಉಳಿಸಿಕೊಳ್ಳುವ ದಾರಿ ಇರಲೇ ಇಲ್ಲವೇ ಎಂಬ ಪ್ರಶ್ನೆ ನನಗೆ ಈಗಲೂ ಇದೆ.

ಇನ್ನು ತೀರ್ಥಹಳ್ಳಿ ಕಡೆಯ ನಮ್ಮಜ್ಜನ ತೊಟ್ಟಿಮನೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹತ್ತು ವರ್ಷದ ಹಿಂದೆ ಚಿಕ್ಕಪ್ಪ ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಿದರು. ಕೆತ್ತನೆಯ ನಾಲ್ಕು ಮುಂಡಿಗೆಗಳು ಲಾರಿ ಹತ್ತಿದವು. ಒಂದಕ್ಕೆ ಅಡಿಕೆ ತೂಗುವ ತಕ್ಕಡಿಗೆಂದು ಅಜ್ಜ ಹೊಡೆಸಿದ್ದ ಕಬ್ಬಿಣದ ಕೊಂಡಿ ಇತ್ತು. ಕಳೆದ ವರ್ಷ ಒಂದು ರೆಸಾರ್ಟಿನ ಬಾಗಿಲಲ್ಲಿ ಅಂಥದೇ ಕೊಂಡಿಯ ಮುಂಡಿಗೆ ಕಂಡಿತು, ಕೊಂಡಿಗೆ ಲಾಟೀನಿನಂಥ ಬಲ್ಬು ನೇತುಹಾಕಿದ್ದರು. ನಮ್ಮದೇ ಇರಬಹುದು, ಅಲ್ಲದೆಯೂ ಇರಬಹುದು.

ಮಲೆನಾಡಿನ ಇಂಥ ಮನೆಗಳದ್ದೂ ಒಂದು ಪಟ್ಟಿ ಆಗಬೇಕು, ಜತೆಗೆ ರಿಪೇರಿಗೆ ಒಂದಿಷ್ಟು ದುಡ್ಡೂ ಸಿಗಬೇಕು ಅಂತ ಅಮ್ಮನ ಹತ್ತಿರ ಭಾಷಣ ಬಿಗಿದೆ. ಪೂರ್ತಿ ಕೇಳಿಸಿಕೊಂಡು ಅಂದರು: “ಆ ವರ್ಷ ಕೊಳೆ ಬಂದು ಅಡಿಕೆ ಪೂರಾ ಉದುರಿತ್ತು. ಹೆಂಚು ಕೈಯಾಡ್ಸೋಕೆ ಒಂದು ಆಳು ಸಿಕ್ತಿರಲಿಲ್ಲ. ನೀನೂ ಇರಲಿಲ್ಲ.”