ಸ್ಪಷ್ಟನೆ: ಫುಟ್‌ರೆಸ್ಟ್ ಒತ್ತಿದ ಮಾತ್ರಕ್ಕೆ ಬೈಕ್ ತಿರುಗುವುದಿಲ್ಲ

"ತಿರುವಿನಲ್ಲಿ ಹ್ಯಾಂಡಲ್ ಅಲುಗಿಸಬೇಡಿ, ಒಳಬದಿಯ ಫುಟ್‌ರೆಸ್ಟ್ ಒತ್ತಿದರೆ ಸಾಕು, ಬೈಕ್ ತಾನಾಗಿ ತಿರುಗುತ್ತದೆ" ಎಂಬ ಮೆಸೇಜು ಕಾಸರಗೋಡಿನ ನಮ್ಮ ಬೈಕ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು.

ವೇಗದಲ್ಲಿರುವ ಬೈಕನ್ನು ವಾಲಿಸುವುದು ಹ್ಯಾಂಡಲ್ಲೇ. ಬಲಕ್ಕೆ ತಿರುಗಬೇಕಾದರೆ ಬಲಗೈಯಿಂದ ಹ್ಯಾಂಡಲನ್ನು ಮೆಲ್ಲ ಮುಂದಕ್ಕೆ ತಳ್ಳಬೇಕು. ಮುಂದಿನ ಚಕ್ರ ಒಂದು ಕ್ಷಣ ಎಡಕ್ಕೆ ಹೊರಳುತ್ತದೆ, ಬೈಕ್ ಬಲಕ್ಕೆ ವಾಲುತ್ತದೆ. ಕೇಳಲು ಉಲ್ಟಾ ಅನಿಸುತ್ತದೆ, ಅಲ್ವಾ? ಅಮೆರಿಕದ ತರಬೇತುದಾರ ಕೀತ್ ಕೋಡ್ ಇದನ್ನು ತೋರಿಸಲಿಕ್ಕೇ ಒಂದು ಬೈಕಿಗೆ ತಿರುಗದ ಇನ್ನೊಂದು ಹ್ಯಾಂಡಲ್ ಜೋಡಿಸಿದರು. ಅದನ್ನು ಹಿಡಿದು ಎಷ್ಟೇ ಮೈ ವಾಲಿಸಿದರೂ, ಫುಟ್‌ರೆಸ್ಟ್ ಒತ್ತಿದರೂ ಬೈಕ್ ಸ್ವಲ್ಪ ಓಲಾಡುತ್ತದೆ ಅಷ್ಟೆ. ಬೇಕಾದ ಹಾಗೆ ತಿರುಗುವುದಿಲ್ಲ.

ಹಾಗಂತ ಮೈ ವಾಲಿಸುವುದು ದಂಡ ಅಲ್ಲ. ಮೈಯನ್ನು ಒಳಬದಿಗೆ ಸರಿಸಿದರೆ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೆ ಸಾಕು. ಮಳೆಗಾಲದಲ್ಲಿ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಹೋಗುವವರಿಗೆ ಇದು ಉಪಯೋಗದ ಮಾತು. ಇನ್ನು ಫುಟ್‌ರೆಸ್ಟ್ ಮೇಲೆ ಕಾಲು ಗಟ್ಟಿಯಾಗಿ ಊರಿದರೆ ಕೈ ಮೇಲಿನ ಭಾರ ಇಳಿಯುತ್ತದೆ.

ಆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ನಾನು ಕಳಿಸಿದ್ದನ್ನು ಅಳಿಸಿದ್ದೇನೆ.