ಇಪ್ಪತ್ತಮೂರು ನಿಮಿಷದ ಮಂಗಳೂರು

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ ಸುಮಾರು 305 ಕಿ.ಮೀ. ವಿಮಾನದ ವೇಗ ಗಂಟೆಗೆ 800. ಭಾಗಿಸಿ 23 ನಿಮಿಷ ಎಂದು ಥಟ್ಟನೆ ಉತ್ತರ ಕೊಡುವವರಿದ್ದಾರಲ್ಲ, ಅವರನ್ನು ಒಮ್ಮೆ ದೇವನಹಳ್ಳಿಯ ರನ್‌ವೇ ಬುಡದಲ್ಲಿ ಏಳನೆಯ ಸರದಿಯ ವಿಮಾನದೊಳಗೆ ಕೂರಿಸಬೇಕು. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುವುದು ಸುಮ್ಮನೆ ಅಲ್ಲ.

ನಿಂತ ಲಾರಿಯ ಗಾಲಿಗೆ ಕಲ್ಲು ಕೊಡುವ ಹಾಗೆ ವಿಮಾನದ ಗಾಲಿಗೂ ಅಡೆ ಕೊಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನ ಕದಲಿದಾಗ ಟಿಕೆಟ್ಟಿನ ಗಡಿಯಾರ ಶುರು. ಅಲ್ಲಿ ಹೋಗಿ ನಿಂತಾಗ ಬಂದ್. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ-ಪಶ್ಚಿಮ. ಮುಂಗಾರಿನ ಪಡುವಣ ಗಾಳಿಯಿದ್ದರೆ ಪಶ್ಚಿಮಕ್ಕೇ ಏರಿ ನೆಟ್ಟಗೆ ಹೋಗಬಹುದು. ಚಳಿಗಾಲದಲ್ಲಿ ಮೂಡಣ ಗಾಳಿ; ಏರುವುದು ಗಾಳಿಗೆ ಎದುರಾಗಿಯೇ ಆದ್ದರಿಂದ ಕೋಲಾರದತ್ತ ಮುಖ ಮಾಡಿ ಹಾರಿ, ಆಮೇಲೆ ತಿರುಗಬೇಕು. 10,000 ಅಡಿ ದಾಟುವವರೆಗೆ ವೇಗ 250 ನಾಟ್ ಮೀರುವಂತಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಇಳಿಯುವಾಗಲೂ ಅದೇ ಕಟ್ಟಳೆ. 800ರ ಆಟ ನಡುವಿನ ಚೂರು ಹೊತ್ತು ಮಾತ್ರ. ಎಟಿಆರ್ ಎಂಬ ಸಣ್ಣ ಪಂಖದ ವಿಮಾನ ಆದರೆ 500ರ ಆಸುಪಾಸಿನಲ್ಲೇ ತೃಪ್ತಿ. ಇದರ ಮೇಲೆ ವೇಳಾಪಟ್ಟಿಯಲ್ಲಿ ಒಂದಿಷ್ಟು ನಿಮಿಷ ಹೆಚ್ಚಿಗೆ ಸುರಿದಿರುತ್ತಾರೆ. 15 ನಿಮಿಷದೊಳಗಿನ ತಡ ಲೆಕ್ಕಕ್ಕೇ ಇಲ್ಲ. ಇಷ್ಟೆಲ್ಲ ಇಟ್ಟುಕೊಂಡು 'ಹತ್ತು ನಿಮಿಷ ಮೊದಲೇ ಬಂದಿದ್ದೇವೆ' ಎಂದು ಮೈಕಿನಲ್ಲಿ ಬೀಗುವುದು ಬೇರೆ!

ನೇರ ದಾರಿಯ ಗಮ್ಮತ್ತು ನೋಡಲು ಮಂಗಳೂರು ಸಾಲದು, ಸ್ಯಾನ್‌ಫ್ರಾನ್ಸಿಸ್ಕೊ ಬೇಕು. ಗೋಡೆಯ ನಕ್ಷೆಗೆ ಸ್ಕೇಲು ಇಡಬೇಡಿ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಒತ್ತಿ ಬಿಗಿಯಾಗಿ ಎಳೆಯಿರಿ. ಅದು ಜಾರಿಕೊಂಡು ಉತ್ತರ ಧ್ರುವದ ಹತ್ತಿರ ಹೋಗಿ ಕೂರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೆಂಗಳೂರಿಗೆ ಬಂದದ್ದು ಹೀಗೇ: ಸುಮಾರು 14,000 ಕಿ.ಮೀ., 17 ಗಂಟೆಗೂ ಮಿಕ್ಕಿ. ಶನಿವಾರ ರಾತ್ರಿ ಹೊರಟವರು ಸೋಮವಾರ ನಸುಕಿಗೆ ಇಳಿದರು. ಭಾನುವಾರವನ್ನು ಯಾರೂ ಕದ್ದಿಲ್ಲ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಎಂದರೆ, ಚಳಿಗಾಲದಲ್ಲಿ, ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಅದಕ್ಕೆ ಹದಿನೇಳೂವರೆ ಕೂಡಿಸಿ. ಹೋಗುವಾಗ ಉಲ್ಟಾ. ಇಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಕೂತರೂ ಅಲ್ಲಿ ಅದೇ ದಿನ ಸಂಜೆ ಐದು. 'ಎರಡೂವರೆ ತಾಸಿನ ದಾರಿ, ಹಬ್ಬಕ್ಕೆ ಬರೋಕೇನಂತೆ ನಿಮ್ಮ ಮಗನಿಗೆ?' ಎಂದು ಟಿಕೆಟ್ ನೋಡಿ ಕೇಳುವ ನೆಂಟರಿಗೆ ಉತ್ತರವಿಲ್ಲ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ಇದೂ ತಪ್ಪು.

ಮಂಗಳೂರಿನ ಲೆಕ್ಕ ಬಾಕಿ ಉಳಿಯಿತು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ ಹೆಬ್ಬಾಳದ ಟ್ರಾಫಿಕ್ ಸೇರಿಸಿ ಎರಡು ಗಂಟೆ ಇಟ್ಟುಕೊಳ್ಳಿ. ಪುತ್ತೂರು, ಉಪ್ಪಿನಂಗಡಿ ಕಡೆಯವರಾದರೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿಳಿದು ಮತ್ತೆ ಬೆಂಗಳೂರಿನ ದಿಕ್ಕಿಗೇ ವಾಪಸು ಬರಬೇಕು. ಅಂಥವರು ಸುಮ್ಮನೆ ರಾತ್ರಿ ಬಸ್ಸು ಹತ್ತುವುದೇ ಲೇಸು, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು.